ಅವರ ಪಾಲಿನ ಬಿಸಿಲು

ಇದನ್ನು ಬರೆಯುವ ಧೈರ್ಯ ಮಾಡಿದ್ದಕ್ಕೆ ಓದುವವರು ಕ್ಷಮಿಸಬೇಕು. ನಾನು ಬರೆಯುವವಳಲ್ಲ. ರಾಯಬಾಗ ಕಡೆಯ ಒಂದು ಕಾಲೇಜಿನಲ್ಲಿ ಕಸ ಹೊಡೆಯುವ, ಗಂಟೆ ಬಾರಿಸುವ, ಹುಡುಗಿಯರ ಕೋಣೆಯ ಕೀಲಿ ಇಟ್ಟುಕೊಳ್ಳುವ ಹೆಂಗಸು. ಹೆಸರು ರುಕ್ಮವ್ವ. ಹುಡುಗಿಯರು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ಮೊದಲು ನಿಪ್ಪಾಣಿಯಲ್ಲಿ ಬೀಡಿ ಕಟ್ಟುತ್ತಿದ್ದೆ. ಹಗಲು ಬೀಡಿ, ಸಂಜೆ ಕ್ಲಾಸು. ಹಾಗೆ ಹತ್ತನೆಯದು ಮುಗಿಸಿದೆ, ಪಿಯುಸಿಯನ್ನೂ ಮುಗಿಸಿದೆ. ಒತ್ತಕ್ಷರ ಈಗಲೂ ತಪ್ಪುತ್ತವೆ. ಸಂಜೆ ಕ್ಲಾಸಿನ ಗುರುಗಳು ಒಂದು ಮಾತು ಹೇಳಿದ್ದರು. ಕಂಡದ್ದನ್ನು ಬರೆಯಿರಿ, ಕಾಣದ್ದನ್ನು ಬರೆಯಬೇಡಿರಿ. ಆ ಮಾತು ಹಿಡಿದು ಕೂತಿದ್ದೇನೆ. ನಾನು ಕಾಣದ್ದು ಬಂದಾಗ ಕಾಣಲಿಲ್ಲ ಎಂದೇ ಬರೆಯುತ್ತೇನೆ.

ನಮ್ಮ ಹುಡುಗಿಯರು ಬ್ಯಾಸ್ಕೆಟ್‌ಬಾಲ್ ಫೈನಲ್‌ನಲ್ಲಿ ಗೂಂಡಾಗಿರಿ ಮಾಡಿ ಮೈದಾನ ಬಿಟ್ಟು ಓಡಿದರು ಎಂದು ಪೇಪರಿನಲ್ಲಿ ಬಂತು. ಓಡಲಿಲ್ಲ. ಒಬ್ಬಳನ್ನು ಹೊತ್ತುಕೊಂಡು ಬಂದೆವು. ಓಡುವವರು ಹೊತ್ತುಕೊಂಡು ಬರುತ್ತಾರೆಯೇ? ಇದನ್ನು ಬೇರೆ ಯಾರಾದರೂ ಬರೆಯುತ್ತಾರೆ ಎಂದು ಕಾದೆ. ಯಾರೂ ಬರೆಯಲಿಲ್ಲ.

ಹೋದ ವರ್ಷದ ಫೈನಲ್ ಎದುರಾಳಿಗಳ ಸ್ವಂತ ಮೈದಾನದಲ್ಲಿ ಆಗಿತ್ತು. ಅಥಣಿ ಕಡೆಯ ದೊಡ್ಡ ಕಾಲೇಜು ಅವರದು. ನಮ್ಮವರು ಚೆಂಡು ಎತ್ತಿದಾಗಲೆಲ್ಲ ಅವರ ಹುಡುಗರು ತಗಡು ಬಡಿದರು. ಸೋತೆವು. ಆಟ ಕಲಿಸುವ ಭರತ ಸರ್ ವಿಶ್ವವಿದ್ಯಾಲಯಕ್ಕೆ ಬರೆದರು. ಅವರೂ ಕಾಯಂ ನೌಕರರಲ್ಲ, ವರ್ಷವರ್ಷವೂ ಕರೆದರೆ ಬರಬೇಕು, ಇಲ್ಲದಿದ್ದರೆ ಇಲ್ಲ. ಆದರೂ ಬರೆದರು. ಈ ವರ್ಷ ಆದೇಶ ಬಂತು. ಫೈನಲ್ ತಟಸ್ಥ ಮೈದಾನದಲ್ಲಿ ಆಗಬೇಕು, ಎರಡೂ ಕಾಲೇಜಿಗೆ ಸಂಬಂಧವಿಲ್ಲದ ಜಾಗದಲ್ಲಿ. ಹುಡುಗಿಯರು ಆ ದಿನ ನನ್ನನ್ನು ಎತ್ತಿಕೊಂಡು ಕುಣಿದರು.

ನಮ್ಮ ಕೋರ್ಟು ಮಣ್ಣಿನದು. ರಿಂಗು ಕಳಚಿದಾಗ ಕಬ್ಬಿನ ಗಾಡಿಯ ತಂತಿಯಿಂದ ಕಟ್ಟಿದ್ದೆವು. ನಮ್ಮ ತಂಡದ ನಾಯಕಿ ಮನೀಷಾ, ದಿಗ್ಗೇವಾಡಿಯವಳು. ಅವಳ ಅವ್ವ ಸುಂದ್ರವ್ವ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ದುಡಿಯುತ್ತಾಳೆ. ಸುಗ್ಗಿಯಲ್ಲಿ ರಜೆ ಬಂದರೆ ಮಗಳೂ ಹೋಗುತ್ತಾಳೆ. ತಲೆಯ ಮೇಲೆ ಕಬ್ಬಿನ ಹೊರೆ. ಟ್ರೇಲರಿಗೆ ಒರಗಿಸಿದ ಹಲಗೆ, ಅಗಲ ಒಂದು ಗೇಣು. ಹೊರೆ ಹೊತ್ತು ಅದರ ಮೇಲೆ ಏರಬೇಕು. ಕಾಲು ಜಾರಿದರೆ ಸೊಂಟ ಹೋಗುತ್ತದೆ. ಮನೀಷಾ ರಿಂಗಿನ ಕೆಳಗೆ ಜಿಗಿಯುವುದನ್ನು ನೋಡಿದರೆ ಆ ಹಲಗೆ ಏರಿದವಳು ಎಂದು ತಿಳಿಯುತ್ತದೆ. ನಾಲ್ಕು ಮಂದಿ ಗುದ್ದಿದರೂ ಅವಳ ಮೈ ವಾಲುತ್ತಿರಲಿಲ್ಲ. ಅಂಗೈ ತುಂಬ ಕಬ್ಬಿನ ರವದಿ, ಆ ಒಣ ಗರಿ, ಕೊಯ್ದ ಗೀರು. ಚೆಂಡು ಆ ಗೀರುಗಳಿಗೆ ಅಂಟಿಕೊಂಡಂತೆ ನಿಲ್ಲುತ್ತಿತ್ತು.

ಫೈನಲ್ ಗೆದ್ದ ತಂಡದಿಂದಲೇ ವಿಶ್ವವಿದ್ಯಾಲಯದ ತಂಡಕ್ಕೆ ಆರಿಸುತ್ತಾರೆ, ಅಲ್ಲಿ ಆಡಿದರೆ ಪೊಲೀಸ್ ನೌಕರಿಗೆ ದಾರಿಯಾಗುತ್ತದೆ ಎಂದು ಭರತ ಸರ್ ಹೇಳಿದ್ದರು. ಮನೀಷಾ ಅದೊಂದನ್ನೇ ಹಿಡಿದಿದ್ದಳು. ಇದು ಅವಳ ಕೊನೆಯ ವರ್ಷ. ಗೆದ್ದರೆ ಇಲಾಖೆಯ ಬೂಟು, ಸೋತರೆ ಕಬ್ಬಿನ ಹಲಗೆ. ಹೀಗೆಂದು ಅವಳೇ ನಗುತ್ತ ಹೇಳಿದ್ದಳು.

ಹುಡುಗಿಯರ ತಂಡದ ಜೊತೆ ಒಬ್ಬ ಹೆಂಗಸು ಹೋಗಲೇಬೇಕೆಂಬ ನಿಯಮವಿದೆ. ಮೇಡಂ ಯಾರೂ ಒಪ್ಪಲಿಲ್ಲ. ನನ್ನನ್ನು ಕಳಿಸಿದರು.

ಮೈದಾನ ಕಾಗವಾಡದ ಕಡೆ, ಒಂದು ಖಾಸಗಿ ಶಾಲೆಯದು. ಶಾಲೆಯ ಅಧ್ಯಕ್ಷರು ದಾದಾಸಾಹೇಬರು. ಕಬ್ಬು, ದ್ರಾಕ್ಷಿ, ಗೋಡೌನು ಎಲ್ಲ ಇದ್ದವರು. ಅವರ ಮಗಳನ್ನು ಕೊಟ್ಟದ್ದು ಎದುರಾಳಿ ಕಾಲೇಜಿನ ಮಾಲಕರ ಮನೆಗೆ. ನಮ್ಮನ್ನು ಕರೆತಂದ ಕ್ರೂಸರ್ ಗಾಡಿಯ ಡ್ರೈವರನಿಗೂ ಗೊತ್ತಿದ್ದ ಈ ಮಾತು ಆದೇಶ ಬರೆದವರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ತಿಳಿಯದು.

ಕೋರ್ಟು ಸಿಮೆಂಟಿನದು, ನೋಡಲು ಚೆಂದ. ಭರತ ಸರ್ ಮಾತ್ರ ನಿಂತು ತಲೆ ಕೆರೆದುಕೊಂಡರು. ಕೋರ್ಟು ಉತ್ತರ ದಕ್ಷಿಣವಾಗಿ ಇರಬೇಕಂತೆ, ಆಗ ಯಾರ ಕಣ್ಣಿಗೂ ಸೂರ್ಯ ಹೊಡೆಯುವುದಿಲ್ಲ. ಇಲ್ಲಿ ಪೂರ್ವ ಪಶ್ಚಿಮವಾಗಿ ಮಲಗಿಸಿದ್ದರು. ದಾದಾಸಾಹೇಬರು ವೇದಿಕೆಗೆ ವಾಸ್ತು ನೋಡಿಸಿದ್ದರು. ದೊಡ್ಡವರು ಉತ್ತರಕ್ಕೆ ಮುಖ ಮಾಡಿ ಕೂಡಬೇಕು. ಹಾಗೆ ಮೊದಲು ವೇದಿಕೆ ಬಂತು, ಅದರ ಮುಂದೆ ಉದ್ದಕ್ಕೆ ಕೋರ್ಟು ಬಂತು. ಸಂಜೆ ಆಟವಾದರೆ ಪಶ್ಚಿಮದ ರಿಂಗಿಗೆ ಚೆಂಡು ಹಾಕುವವರ ಕಣ್ಣಿಗೇ ಬಿಸಿಲು. ಅರ್ಧ ಆಟಕ್ಕೆ ಕಡೆ ಬದಲಾಗುತ್ತದೆ, ಅರ್ಧ ಅವರು ಸಹಿಸುತ್ತಾರೆ, ಅರ್ಧ ನಾವು ಸಹಿಸುತ್ತೇವೆ, ಚಿಂತಿಲ್ಲ ಎಂದರು ಸರ್.

ಬಟ್ಟೆ ಬದಲಿಸಲು ಒಂದು ಕೋಣೆ ತೋರಿಸಿದರು. ಒಳಗೆ ಹಗ್ಗದ ಮೇಲೆ ಎದುರಾಳಿ ತಂಡದವರ ಕಾಲುಚೀಲ ಒಣಗುತ್ತಿದ್ದವು. ಕಿಟಕಿಯಲ್ಲಿ ಬ್ರಷ್ಷು, ಪೇಸ್ಟು. ದೀಪಾವಳಿಯಿಂದ ಅವರು ಅಲ್ಲೇ ಉಳಿದು ಅದೇ ಕೋರ್ಟಿನಲ್ಲಿ ಆಡಿ ಕಲಿಯುತ್ತಿದ್ದರಂತೆ. ನಮ್ಮಲ್ಲಿ ಎಲ್ಲರಿಗಿಂತ ಗಿಡ್ಡಿ, ಎಲ್ಲರಿಗಿಂತ ಬಾಯಿ ಜೋರು ಮುಗಳಖೋಡದ ಸಪನಾ. ಅವಳು ಒಂದು ಬ್ರಷ್ಷು ಎತ್ತಿ ನನಗೆ ತೋರಿಸಿದಳು.

"ಮಾವಶಿ, ಮೈದಾನ ಯಾರಿಗೂ ಸಂಬಂಧ ಇಲ್ಲಂತ. ಹಲ್ಲ ತಿಕ್ಕೊ ಬ್ರಷ್ ಅಷ್ಟ ಅವರವು."

ಭರತ ಸರ್ ಹೋಗಿ ಕೇಳಿದರು. ಆ ಶಾಲೆಯ ಆಟದ ಮಾಸ್ತರ ಸಂಗ್ರಾಮ ನಕ್ಕ. ಬೇರೆ ಸಂಸ್ಥೆ, ಬೇರೆ ತಾಲೂಕು, ಇನ್ನೇನು ಬೇಕು ನಿಮಗೆ ಎಂದ. ಆಮೇಲೆ ಆಡುವವರ ಹೆಸರು ಬರೆದುಕೊಳ್ಳುತ್ತ ಒಬ್ಬೊಬ್ಬರ ಅಡ್ಡಹೆಸರು, ಊರು ಕೇಳಿದ. ಮನೀಷಾಳ ಅಡ್ಡಹೆಸರು ಕೇಳಿದ ಮೇಲೆ ಅವನ ಪೆನ್ನು ನಿಂತಿತು. ಮನೆ ಊರ ಒಳಗೋ ಹೊರಗೋ ಎಂದು ಕೇಳಿದ.

"ಇವತ್ತ ಕೋರ್ಟಿನ ಒಳಗ್ರಿ ಸರ್ರ" ಅಂದಳು ಮನೀಷಾ.

ಸಪನಾ ಮುಸಿಮುಸಿ ನಕ್ಕಳು. ಅವನು ನಗಲಿಲ್ಲ. ಆಮೇಲೆ ನಮಗೆ ಕುಡಿಯುವ ನೀರು ಫಿಲ್ಟರಿನದು ಸಿಗಲಿಲ್ಲ. ಸಂಡಾಸದ ಹಿಂದಿನ ಟ್ಯಾಂಕರ್ ತೋರಿಸಿದರು. ಆ ಟ್ಯಾಂಕರಿನಿಂದ ಕೊಡ ತುಂಬಿ ತಂದೆ. ನೀರು ಬೆಚ್ಚಗಿತ್ತು.

ಆಟ ಮುಂಜಾನೆ ಇತ್ತು. ಅತಿಥಿಗಳು ಬರಲಿಲ್ಲವೆಂದು ಮಧ್ಯಾಹ್ನಕ್ಕೆ ಹೋಯಿತು, ಅಲ್ಲಿಂದ ಇಳಿಹೊತ್ತಿಗೆ. ಅವರು ತಮ್ಮ ಕಡೆ ಆರಿಸಿಕೊಂಡರು. ಚೆಂಡು ಹಾಕಲು ನಮಗೆ ಪಶ್ಚಿಮದ ರಿಂಗು ಉಳಿಯಿತು.

ನನಗೆ ಆಟದ ನಿಯಮ ಪೂರ್ತಿ ಗೊತ್ತಿಲ್ಲ. ಆದರೆ ಮೊಣಕೈ ಗೊತ್ತು. ಸಪನಾಳ ಪಕ್ಕೆಗೆ ಮೊಣಕೈ ಬಿತ್ತು. ಸೀಟಿ ಊದಲಿಲ್ಲ. ಮನೀಷಾ ಜಿಗಿದಾಗ ಒಬ್ಬಳು ಕೆಳಗೆ ಕಾಲು ಇಟ್ಟಳು. ಸೀಟಿ ಊದಲಿಲ್ಲ. ಮನೀಷಾ ಸಿಮೆಂಟಿನ ಮೇಲೆ ಮುಖ ಕೆಳಗಾಗಿ ಬಿದ್ದಳು, ತುಟಿ ಸೀಳಿತು. ರಕ್ತ ಉಗುಳಿ ಎದ್ದಳು. ರೆಫರಿ ರಕ್ತ ಒರೆಸಿಕೋ ಎಂದ, ಫೌಲ್ ಎನ್ನಲಿಲ್ಲ. ಜನ ಅವಳ ಮೈಬಣ್ಣ ಹಿಡಿದು ಕೂಗಿದರು, ಅವಳ ಬೂಟಿನ ತೂತು ಹಿಡಿದು ಕೂಗಿದರು. ನಮ್ಮವರು ರಿಂಗಿನ ಕಡೆ ನೋಡಿದರೆ ಬೆಂಕಿ ನೋಡಿದಂತೆ ಆಗುತ್ತಿತ್ತು. ಒಂದು ಕೈ ಕಣ್ಣಿಗೆ ಅಡ್ಡ, ಒಂದು ಕೈಯಿಂದ ಚೆಂಡು. ಎಷ್ಟೋ ಚೆಂಡು ರಿಂಗಿಗೆ ತಾಗಿ ಹೊರಗೆ ಹೋದವು.

ಆದರೂ ಅರ್ಧ ಆಟ ಮುಗಿದಾಗ ನಾವು ಹಿಂದೆ ಇದ್ದದ್ದು ಸ್ವಲ್ಪವೇ. ಎರಡು ಸಲ ಚೆಂಡು ಒಳಗೆ ಬಿದ್ದರೆ ಸಮ. ಬೇವಿನ ಗಿಡದ ಕೆಳಗೆ ಹುಡುಗಿಯರು ಮಲಗಿಬಿಟ್ಟಿದ್ದರು. ಮನೀಷಾ ಮಾತ್ರ ನಿಂತಿದ್ದಳು. ಪಶ್ಚಿಮಕ್ಕೆ ದಾದಾಸಾಹೇಬರ ಗೋಡೌನು. ಅದರ ತಗಡಿನ ಮೇಲೆ ಸೂರ್ಯ ಇನ್ನೂ ಆಳೆತ್ತರ ಇದ್ದ. ಅವಳು ಆ ಕಡೆ ಕೈ ತೋರಿಸಿದಳು.

"ಏಳ್ರಿ. ಇನ್ನ ಬಿಸಲ ಅವರ ಕಣ್ಣಾಗ. ನಾವ ಕಣ್ಣ ತೆರದ ಆಡೋದು ಈಗ."

ನಾನು ಒಬ್ಬೊಬ್ಬರಿಗೆ ನೀರು ಕೊಟ್ಟೆ. ನನಗೂ ಅನಿಸಿತು, ಗೆಲ್ಲುತ್ತಾರೆ ಎಂದು. ಅನಿಸಿದ್ದನ್ನು ಬರೆಯಬಾರದೇನೋ. ಆದರೆ ಅನಿಸಿತ್ತು.

ಆಗ ಮೈಕಿನಲ್ಲಿ ಸಂಗ್ರಾಮನ ದನಿ ಕೇಳಿಸಿತು. ಮಧ್ಯಂತರದಲ್ಲಿ ಒಂದು ಪುಟ್ಟ ಸತ್ಕಾರ ಇದೆ.

ನಮ್ಮ ಕಡೆ ಸತ್ಕಾರವಿಲ್ಲದೆ ಒಂದು ಬೋರ್‌ವೆಲ್ ಕೂಡ ಕೊರೆಯುವುದಿಲ್ಲ. ಅದು ಎಲ್ಲರಿಗೂ ಗೊತ್ತು. ಆದರೆ ಆಟದ ಕೊನೆಗೆ ಮಾಡುತ್ತಾರೆ, ಬಹುಮಾನದ ಹೊತ್ತಿಗೆ. ಆ ದಿನ ನಡುವೆಯೇ ಮಾಡಿದರು. ಕೋರ್ಟಿನ ಮೇಲೆ ಕುರ್ಚಿ ತಂದು ಹಾಕಿದರು. ದಾದಾಸಾಹೇಬರಿಗೆ ಫೇಟಾ ಸುತ್ತಿದರು. ಅವರ ಬೀಗರಿಗೆ, ಎದುರಾಳಿ ಕಾಲೇಜಿನ ಮಾಲಕರಿಗೆ, ಸುತ್ತಿದರು. ಬೀಗರ ತಮ್ಮನಿಗೆ ಸುತ್ತಿದರು. ಒಂದೊಂದು ಫೇಟಾಕ್ಕೆ ಒಂದು ಫೋಟೊ, ಒಂದೊಂದು ಫೋಟೊಗೆ ಒಂದು ಭಾಷಣ. ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. ಅವರ ಹುಡುಗಿಯರು ಒಳಗೆ ಫ್ಯಾನಿನ ಕೆಳಗೆ ಕೂತಿದ್ದರು. ತಾಟು ಹಿಡಿಯಲು ನಮ್ಮ ಹುಡುಗಿಯರನ್ನು ಕರೆದರು. ಬೆವರಿನ ಅಂಗಿಯಲ್ಲೇ ಸಾಲಾಗಿ ನಿಲ್ಲಿಸಿದರು. ಕೈಯಲ್ಲಿ ತಾಟು, ತಾಟಿನಲ್ಲಿ ಶಾಲು, ತೆಂಗಿನಕಾಯಿ. ಮನೀಷಾಳ ತುಟಿಯಿಂದ ಒಂದು ಹನಿ ರಕ್ತ ಶಾಲಿನ ಮೇಲೆ ಬಿತ್ತು. ಒಬ್ಬ ಹೆಂಗಸು ತಾಟು ಕಸಿದುಕೊಂಡು, ಮೈಲಿಗೆ ಮಾಡಿದಿ ಎಂದಳು. ಆ ಶಾಲನ್ನು ಬದಿಗೆ ಒಗೆದು ಬೇರೆ ತಂದಳು.

ಮನೀಷಾ ಆ ಹೆಂಗಸಿನ ಮುಖ ನೋಡಲಿಲ್ಲ. ಗೋಡೌನಿನ ತಗಡು ನೋಡುತ್ತಿದ್ದಳು. ಸೂರ್ಯ ಇಳಿಯುತ್ತಿದ್ದ.

ಭರತ ಸರ್ ರೆಫರಿಯ ಹತ್ತಿರ ಹೋಗಿ ಕೈಗಡಿಯಾರ ತೋರಿಸಿದರು. ಹಿರಿಯರು ಮಾತಾಡುವಾಗ ಸೀಟಿ ಹೊಡೆಯಲೇನ್ರಿ ಎಂದನಂತೆ ಅವನು. ಸರ್ ಮತ್ತೆ ಹೋದರು. ಬರುವ ವರ್ಷ ಕೆಲಸ ಬೇಡವೇ ಎಂದು ಯಾರೋ ಕೇಳಿದರಂತೆ. ತಿರುಗಿ ಬಂದು ನನ್ನ ಪಕ್ಕ ಕೂತು ನೆಲ ನೋಡತೊಡಗಿದರು.

ಆಮೇಲೆ ಪಟಾಕ್ಷಿ ಹೊಡೆದರು. ಗುಲಾಲು ತೂರಿದರು. ಚೆಂಡು ಹೂವಿನ ಎಸಳು ಕೋರ್ಟಿನ ತುಂಬ. ಆ ಹೊಗೆಯಲ್ಲಿ ಸೂರ್ಯ ತಗಡಿಗೆ ತಾಗಿದ, ತಗಡಿನ ಹಿಂದೆ ಹೋದ. ಕೋರ್ಟು ಪೂರ್ತಿ ನೆರಳಾಯಿತು. ಆಗ ಸತ್ಕಾರ ಮುಗಿಯಿತು.

ಎದುರಾಳಿ ಹುಡುಗಿಯರು ಮುಖ ತೊಳೆದು ಹೊರಗೆ ಬಂದರು. ಗುಲಾಲು ಬಿದ್ದು ಕೋರ್ಟು ಜಾರುತ್ತಿತ್ತು. ಅದನ್ನು ಗುಡಿಸಬೇಕು. ಶಾಲೆಯ ಆಳುಗಳು ಅಲ್ಲೇ ನಿಂತಿದ್ದರು. ಸಂಗ್ರಾಮ ಅವರನ್ನು ಕರೆಯಲಿಲ್ಲ. ಎರಡು ಕಸಬರಿಗಿ ಹಿಡಿದು ನೆಟ್ಟಗೆ ಬೇವಿನ ಗಿಡದ ಕಡೆ ಬಂದ.

"ಮಾವಶಿ, ಲಗೂ ಹಸನ ಮಾಡ್ರಿ. ನಿಮ್ಮ ಹುಡುಗ್ಯಾರನೂ ಹಚ್ಚರಿ. ಅವರಿಗೇನ ಇದು ಹೊಸಾದಲ್ಲ."

ಕಸಬರಿಗಿ ಕಂಡರೆ ನನ್ನ ಕೈ ತಾನೇ ಮುಂದೆ ಹೋಗುತ್ತದೆ. ಹೋಯಿತು. ಹಿಡಿದೂ ಬಿಟ್ಟಿದ್ದೆ. ಸೊಂಟವೂ ಬಾಗಿತ್ತು.

"ಮಾವಶಿ, ಕೊಡ ಇಲ್ಲೆ."

ಮನೀಷಾ ನನ್ನ ಕೈಯಿಂದ ಕಸಬರಿಗಿ ತೆಗೆದುಕೊಂಡಳು. ನೆಲಕ್ಕೆ ಹಾಕಿದಳು. ಅದರ ಮೇಲೆ ಕಾಲಿಟ್ಟು ನಿಂತಳು. ಇನ್ನೊಂದು ಕೈಯಲ್ಲಿ ಚೆಂಡು ಇತ್ತು.

"ಸರ್ರ, ಬಿಸಲ ಎಲ್ಲೈತ್ರಿ?"

ಅವನಿಗೆ ಅರ್ಥವಾಗಲಿಲ್ಲ.

"ಒಂದ ಹಾಫ್ ನಾವ ಬಿಸಲಾಗ ಆಡೀವಿ. ಇನ್ನೊಂದ ಹಾಫಿನ ಬಿಸಲ ಅವರ ಪಾಲಿಂದು. ಅದನ್ನ ನೀವ ಫೇಟಾ ಸುತ್ತಕೋತ ಕಳದೀರಿ. ನಾಳಿ ಇದ ಹೊತ್ತಿಗೆ ಆಡಸ್ರಿ, ಆಡ್ತೀವಿ. ಕಸಾ ಮಾತ್ರ ನಾವು ಹೊಡಿಯಂಗಿಲ್ಲ. ಚೆಲ್ಲಿದವ್ರ ಹೊಡೀಲಿ."

ಅವಳು ಮೆಲ್ಲಗೇ ಹೇಳಿದಳು. ಆದರೆ ಸಂಗ್ರಾಮನ ಎದೆಗೆ ಮೈಕು ಸಿಕ್ಕಿಸಿತ್ತು. ಪೂರ್ತಿ ಮೈದಾನಕ್ಕೆ ಕೇಳಿತು. ಜನರ ನಡುವಿನಿಂದ ಯಾರೋ, ನಿಮ್ಮಪ್ಪನ್ನ ಕಳಿಸು, ಬಿಸಲ ಹೊತಗೊಂಡ ಬರ್ತಾನ ಎಂದು ಕೂಗಿದ. ಎಲ್ಲರೂ ನಕ್ಕರು. ವೇದಿಕೆಯ ಮೇಲೆ ದಾದಾಸಾಹೇಬರು ನಗಲಿಲ್ಲ. ಸಂಗ್ರಾಮನ ಕಡೆ ಒಮ್ಮೆ ನೋಡಿದರು. ಅಷ್ಟೇ.

ಸಂಗ್ರಾಮ ಅವಳ ಜಡೆಗೆ ಕೈ ಹಾಕಿದ. ಸುತ್ತಿ ಕೆಳಗೆ ಎಳೆದ. ಕಸಬರಿಗಿಯ ಹತ್ತಿರ ಅವಳ ಮುಖ ಒಯ್ದು ಒಂದು ಮಾತು ಅಂದ. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ. ಅದು ನಮ್ಮ ಕೇರಿಯ ಹೆಸರು, ನನ್ನದೂ ಅವಳದೂ. ಅವನ ಬಾಯಲ್ಲಿ ಅದು ಬೈಗುಳ.

ಮನೀಷಾ ಮೊಣಕಾಲೂರಿದಳು. ಬಾಗಿದಳು ಎಂದುಕೊಂಡೆ. ಅವಳು ಚೆಂಡನ್ನು ಎದೆಗೆ ತಂದಳು. ಭರತ ಸರ್ ಕಲಿಸಿದ್ದು ಹಾಗೆಯೇ, ಎದೆಯಿಂದ ನೆಟ್ಟಗೆ, ಎರಡೂ ಕೈಯಿಂದ. ಚೆಂಡು ಅವನ ಮೂಗಿಗೆ ಬಡಿಯಿತು. ಮೂಗು ಮುರಿದ ಸಪ್ಪಳ ಮೈಕಿನಲ್ಲಿ ಕೇಳಿತು. ಬಿಳಿ ಅಂಗಿಯ ಮೇಲೆ ರಕ್ತ ಇಳಿಯಿತು. ಜಡೆ ಬಿಟ್ಟ.

ಮುಂದಿನದು ಒಂದರ ಮೇಲೆ ಒಂದು ನಡೆಯಿತು. ನೆನಪಿದ್ದಷ್ಟು ಬರೆಯುತ್ತೇನೆ. ಗಂಡಸರು ಹಗ್ಗ ದಾಟಿ ಬಂದರು. ತಿನ್ನುತ್ತಿದ್ದ ಕಬ್ಬಿನ ತುಂಡು ಬೀಸಿದರು. ಗೆಣ್ಣು ಇದ್ದ ಕಬ್ಬು ಮೈಗೆ ಬಿದ್ದರೆ ಚರ್ಮ ಏಳುತ್ತದೆ. ಸಪನಾಳ ಬೆನ್ನಿನ ಮೇಲೆ ಎದ್ದಿತು. ಅವಳು ಒಬ್ಬನ ತೋಳು ಕಚ್ಚಿದಳು, ಅವನು ಅವಳ ತಲೆಯನ್ನು ಕಂಬಕ್ಕೆ ಬಡಿದರೂ ಬಿಡಲಿಲ್ಲ. ಭರತ ಸರ್ ಕೈ ಮುಗಿದು ನಡುವೆ ಹೋದರು. ಮುಗಿದ ಕೈಯ ಮೇಲೆಯೇ ಹೊಡೆದರು. ಕನ್ನಡಕ ಒಡೆಯಿತು. ನನ್ನ ಹೊಟ್ಟೆಗೆ ಒದೆ ಬಿತ್ತು. ಬಿದ್ದಲ್ಲಿ ಕೈಗೆ ಸತ್ಕಾರದ ತೆಂಗಿನಕಾಯಿ ಸಿಕ್ಕಿತು. ಅದರಿಂದ ಒಬ್ಬನ ಮೊಣಕಾಲಿಗೆ ಹೊಡೆದೆ. ಅವನು ಕೂತ. ಇನ್ನೊಮ್ಮೆ ಹೊಡೆದೆ. ಇದನ್ನು ಬರೆಯಬೇಡ ಎಂದು ಭರತ ಸರ್ ಹೇಳಿದ್ದಾರೆ. ಬರೆದಿದ್ದೇನೆ.

ಮನೀಷಾಳನ್ನು ಕೆಡವಿದ್ದರು. ಬಲಗೈ ಸಿಮೆಂಟಿನ ಮೇಲೆ ಚಾಚಿತ್ತು. ಒಂದು ಕಬ್ಬಿಣದ ಕುರ್ಚಿ ಆ ಬೆರಳುಗಳ ಮೇಲೆ ಬಂತು. ಬಿದ್ದದ್ದಲ್ಲ. ಬೆರಳು ನೋಡಿ ಕುರ್ಚಿಯ ಕಾಲು ಇಟ್ಟದ್ದು. ಕುರ್ಚಿಯ ಮೇಲೆ ಯಾರೋ ಹತ್ತಿ ನಿಂತರು. ಅವರ ಪ್ಯಾಂಟು ಕಂಡೆ, ಮುಖ ಕಾಣಲಿಲ್ಲ. ಗುಲಾಲು ಕಣ್ಣಿನಲ್ಲಿತ್ತು. ಬೆರಳಿನ ಸಪ್ಪಳ ಕಬ್ಬು ಮುರಿದಂತೆಯೇ ಇತ್ತು. ಬೇರೆ ಹೋಲಿಕೆ ನನಗೆ ಬರುವುದಿಲ್ಲ.

ಪೊಲೀಸರು ಬಂದರು. ನಮ್ಮನ್ನು ಕ್ರೂಸರಿಗೆ ಹತ್ತಿಸಿದರು. ಮನೀಷಾಳನ್ನು ನಾನು, ಸಪನಾ ಎತ್ತಿ ಹಾಕಿದೆವು. ಗಾಡಿ ಹೊರಡುವಾಗ ಎದುರಾಳಿ ತಂಡದ ನಾಯಕಿ ಜಿನಮತಿ ಓಡಿ ಬಂದಳು. ಕೈಯಲ್ಲಿ ಮನೀಷಾಳ ಒಂದು ಬೂಟು ಇತ್ತು, ತೂತಿನದು. ಕಿಟಕಿಯಿಂದ ಒಳಗೆ ಇಟ್ಟಳು. ಏನೋ ಹೇಳಲು ಬಾಯಿ ತೆರೆದಳು. ಡ್ರೈವರ್ ಗಾಡಿ ಬಿಟ್ಟ.

ಆ ಸಂಜೆಯೇ ಅವರಿಗೆ ಕಪ್ಪು ಕೊಟ್ಟರು. ಉಳಿದ ಅರ್ಧ ಆಟ ನಡೆಯಲೇ ಇಲ್ಲ. ಆಡಲು ಒಲ್ಲೆ ಎಂದವರು ಸೋತಂತೆ ಎಂಬ ನಿಯಮ ಇದೆಯಂತೆ. ನಮ್ಮ ಕಾಲೇಜಿನ ಹುಡುಗಿಯರು ಎರಡು ವರ್ಷ ಆಡುವಂತಿಲ್ಲ. ನಾವು ಠಾಣೆಗೆ ಹೋದರೆ, ಹುಡುಗ್ಯಾರ ಜಗಳ ಐತಿ, ರಾಜಿ ಮಾಡ್ಕೊಳ್ರಿ ಎಂದರು. ಸಂಗ್ರಾಮ ಅಂದ ಮಾತನ್ನು ನಾನು ಹೇಳಿದೆ. ಮೈದಾನದ ತುಂಬ ಜನ ಕೇಳಿದ್ದಾರೆ ಎಂದೆ. ಸಾಕ್ಷಿ ಕರೆದುಕೊಂಡು ಬಾ ಎಂದರು. ಮೈಕಿನಲ್ಲಿ ಕೇಳಿದ ಮಾತಿಗೆ ಇವತ್ತಿನವರೆಗೂ ಒಬ್ಬ ಸಾಕ್ಷಿ ಸಿಕ್ಕಿಲ್ಲ. ಭರತ ಸರ್ ಅವರನ್ನು ಮತ್ತೆ ಕರೆಯಲಿಲ್ಲ. ನನಗೂ ಸೋಮವಾರದಿಂದ ಬರಬೇಡ ಎಂದರು. ನಿಪ್ಪಾಣಿಗೆ ಹೋಗಿ ಮತ್ತೆ ಬೀಡಿ ಕಟ್ಟಬೇಕು. ಕೈಗೆ ಅದು ಮರೆತಿಲ್ಲ.

ಮನೀಷಾಳ ಎರಡು ಬೆರಳು ಮಡಚುವುದಿಲ್ಲ. ಡಾಕ್ಟರು, ಇನ್ನು ಮಡಚಲಾರವು ಎಂದಿದ್ದಾರೆ. ಅವ್ವನ ಜೊತೆ ಕಬ್ಬಿಗೆ ಹೋಗುತ್ತಾಳೆ. ಹೊರೆ ಕಟ್ಟಲು ಎಡಗೈ ಕಲಿಯುತ್ತಿದ್ದಾಳೆ.

ನಿನ್ನೆ ಕಾಲೇಜಿನ ಕೀಲಿ ಒಪ್ಪಿಸಲು ಹೋಗಿದ್ದೆ. ಸಂಜೆ ಮಣ್ಣಿನ ಕೋರ್ಟಿನಲ್ಲಿ ಅವಳು ಒಬ್ಬಳೇ ಇದ್ದಳು. ಪಶ್ಚಿಮಕ್ಕೆ ಮುಖ ಮಾಡಿ ಎಡಗೈಯಿಂದ ಚೆಂಡು ಹಾಕುತ್ತಿದ್ದಳು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಒಂದು ಒಳಗೆ ಬಿತ್ತು, ಎಷ್ಟೋ ಹೊರಗೆ ಹೋದವು. ಚೆಂಡು ಆರಿಸಿ ಕೊಟ್ಟೆ. ಅವಳು ರಿಂಗು ನೋಡುತ್ತಲೇ ಕೇಳಿದಳು.

"ಮಾವಶಿ, ಅವತ್ತ ಬಿಸಲ ಇದ್ದಿದ್ರ ಗೆಲ್ತಿದ್ದಿವಿಲ್ಲ?"

ಹೌದು ಎನ್ನಬೇಕೆಂದು ಬಾಯಿಗೆ ಬಂತು. ಆದರೆ ಆ ಅರ್ಧ ಆಟವನ್ನು ನಾನು ಕಂಡಿಲ್ಲ. ಯಾರೂ ಕಂಡಿಲ್ಲ. ಕುರ್ಚಿಯ ಮೇಲೆ ನಿಂತವನು ಯಾರು, ನನಗೆ ಗೊತ್ತಿಲ್ಲ. ಜಿನಮತಿ ಏನು ಹೇಳಲು ಬಂದಿದ್ದಳು, ಗೊತ್ತಿಲ್ಲ. ನಾವು ಗೆಲ್ಲುತ್ತಿದ್ದೆವೋ ಇಲ್ಲವೋ, ಅದೂ ಗೊತ್ತಿಲ್ಲ. ಅವಳಿಗೆ ಹಾಗೆಯೇ ಹೇಳಿದೆ. ಅವಳು ಚೆಂಡು ತೆಗೆದುಕೊಂಡು ಮತ್ತೆ ಬಿಸಿಲಿಗೆ ಮುಖ ಮಾಡಿದಳು.